ತೆಪ್ಪ ನಿಂತ ದಿನ ವ್ಯಾಪಾರ ಎಲ್ಲಿ?



ಹೊಗೆನಕಲ್ ಆಸುಪಾಸಿನಲ್ಲಿ ಅಂಗಡಿ, ಹೋಟೆಲು, ಬಾಡಿಗೆ ವಾಹನ ನಂಬಿಕೊಂಡಿರುವ ಕುಟುಂಬಗಳ ಪರಿಸ್ಥಿತಿ ಎಲ್ಲರಿಗೂ ಗೊತ್ತು. ಕೆಆರ್‌ಎಸ್, ಕಬಿನಿಯಿಂದ ಬಿಟ್ಟ ನೀರು ಬಿಳಿಗುಂಡ್ಲು ದಾಟಿ ರಭಸವಾಗಿ ಬಂದರೆ ಧರ್ಮಪುರಿ ಜಿಲ್ಲಾಡಳಿತ ತೆಪ್ಪಕ್ಕೂ ಸ್ನಾನಕ್ಕೂ ತಡೆ ಹಾಕುತ್ತದೆ. ಜನರ ಜೀವದ ಪ್ರಶ್ನೆಯಾದ್ದರಿಂದ ಅದು ಸರಿಯೇ. ಆದರೆ ಅಂದಿನ ಮೀನು ಹುರಿಯುವ ಬಾಣಲೆ, ಎಣ್ಣೆ ಮಾಲೀಸಿನವರ ಕೈ, ಎಲ್ಲವೂ ಖಾಲಿ.

2023ರಲ್ಲಿ ಮಳೆ ಕೈಕೊಟ್ಟು ಹೊಳೆಯಲ್ಲಿ ನೀರೇ ಕಡಿಮೆ. ಮರುವರ್ಷ ಜುಲೈ 30ಕ್ಕೆ ಕೆಳಗಿನ ಮೆಟ್ಟೂರು ಜಲಾಶಯ 120 ಅಡಿ ಮುಟ್ಟಿತು. 2025ರಲ್ಲಿ ಜೂನ್ 29ಕ್ಕೇ ತುಂಬಿತು. ಅಂದರೆ ನೀರು ಕಡಿಮೆಯಾದರೂ ನಷ್ಟ, ಹೆಚ್ಚಾದರೂ ನಷ್ಟ. ಹೊಳೆಯನ್ನೊಂದೇ ನೆಚ್ಚಿದ ವ್ಯಾಪಾರ ಹೊಳೆಯ ಹಾಗೆಯೇ ಏರಿಳಿಯುತ್ತದೆ.

ಹಾಗಾದರೆ ಬೆಳೆಯುವುದು ಹೇಗೆ? ಕೂಡಲೇ ಬರುವ ಉತ್ತರ 'ಜಾಹೀರಾತು ಕೊಡೋಣ' ಎಂಬುದು. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ, ಕನ್ನಡದ ನಟಿ ಯಾಕಲ್ಲ ಎಂದು ದೊಡ್ಡ ಚರ್ಚೆಯಾಯಿತು. ಆ ಕೂಗಿನಲ್ಲಿ ನ್ಯಾಯವಿತ್ತು. ಆದರೆ ಕರ್ನಾಟಕದ ಹೊರಗಿನ ಮಾರುಕಟ್ಟೆ ಹಿಡಿಯಬೇಕು ಎಂಬ ಸಚಿವರ ಉತ್ತರದಲ್ಲೂ ಒಂದು ಪಾಠವಿದೆ. ಯಾರಿಗೆ ಮಾರಬೇಕು ಎಂಬುದು ಮೊದಲು, ಯಾರ ಮುಖ ತೋರಿಸಬೇಕು ಎಂಬುದು ಆಮೇಲೆ. ಮಾರ್ಕೆಟಿಂಗ್ ಎಂದರೆ ಮೊದಲು ಗಿರಾಕಿಯ ಮಾತು ಕೇಳುವುದು. ನಮ್ಮ ಮಾತು ಹೇಳುವುದು ಅದರ ನಂತರ.

ಇಗೋರ್ ಆನ್ಸಾಫ್ ಎಂಬ ಅಮೆರಿಕದ ಪಂಡಿತರು 1957ರಲ್ಲೇ ಬೆಳವಣಿಗೆಗೆ ನಾಲ್ಕು ದಾರಿ ಗುರುತಿಸಿದರು. ಅವನ್ನು ಹೊಗೆನಕಲ್‌ಗೆ ಹೊಂದಿಸಿ ನೋಡೋಣ.

ಒಂದು, ಇರುವ ಸರಕು, ಇರುವ ಗಿರಾಕಿ. ಒಮ್ಮೆ ಬಂದವರು ಮತ್ತೆ ಬರುವಂತೆ ಮಾಡುವುದು. ಬೆಂಗಳೂರಿನಿಂದ ಗಂಟೆಗಟ್ಟಲೆ ಪ್ರಯಾಣ ಮಾಡಿ ಬಂದವರಿಗೆ 'ಇವತ್ತು ತೆಪ್ಪ ಇಲ್ಲ' ಎಂಬುದು ಇಲ್ಲಿಗೆ ಬಂದ ಮೇಲೆ ತಿಳಿದರೆ ಅವರು ಮತ್ತೆ ಬರುವುದುಂಟೆ? ಅಂದಂದಿನ ಸ್ಥಿತಿಯನ್ನು ಬೆಳಿಗ್ಗೆಯೇ ಕನ್ನಡ, ತಮಿಳು ಎರಡರಲ್ಲೂ ವಾಟ್ಸ್ಆಪ್‌ನಲ್ಲಿ ಹಾಕಲು ಕಾಸು ಖರ್ಚಿಲ್ಲ. ದರ ಮೊದಲೇ ಹೇಳುವುದು, ಲೈಫ್ ಜಾಕೆಟ್ ಇಲ್ಲದೆ ಹತ್ತಿಸದಿರುವುದು, ಇವೂ ಮಾರ್ಕೆಟಿಂಗೇ.

ಎರಡು, ಇರುವ ಸರಕು, ಹೊಸ ಗಿರಾಕಿ. 2024ರ ನವೆಂಬರ್‌ನಲ್ಲಿ ನಂದಿನಿ ಹಾಲು ದೆಹಲಿಗೆ ಹೋದದ್ದು ಈ ದಾರಿಯಲ್ಲೇ. ಭಾನುವಾರದ ಜಾತ್ರೆಗೆ ಇನ್ನಷ್ಟು ಜನ ಬೇಕಿಲ್ಲ, ವಾರದ ನಡುವೆ ಬೇಕು. ಶಾಲೆ ಪ್ರವಾಸದ ಮಕ್ಕಳು, ನಿವೃತ್ತರ ತಂಡಗಳು, ಮಲೆ ಮಹದೇಶ್ವರ ಬೆಟ್ಟಕ್ಕೆ ಬಂದ ಭಕ್ತರು, ಇವರನ್ನು ನಾವು ಕರೆದಿದ್ದೇವೆಯೇ?

ಮೂರು, ಹೊಸ ಸರಕು, ಇರುವ ಗಿರಾಕಿ. ಹುರಿದ ಮೀನು ಊರಿಗೆ ಹೋಗುವಷ್ಟರಲ್ಲಿ ಆರಿಹೋಗುತ್ತದೆ, ಅದರ ಮಸಾಲೆ ಪುಡಿ ಆರುವುದಿಲ್ಲ. ಧರ್ಮಪುರಿ ಸೀಮೆಯ ಹುಣಸೆ, ಸಾಮೆ, ಕೃಷ್ಣಗಿರಿಯ ಮಾವಿನ ಪದಾರ್ಥ ಚೀಲದಲ್ಲಿ ಕೂತು ಹೋಗುತ್ತವೆ. ತೆಪ್ಪ ನಿಂತ ದಿನವೂ ಇವನ್ನು ಮಾರಬಹುದು. ನನ್ನ ಲೆಕ್ಕದಲ್ಲಿ ನಮ್ಮವರಿಗೆ ಹತ್ತಿರದ ದಾರಿ ಇದೇ.

ನಾಲ್ಕು, ಎರಡೂ ಹೊಸದು. ಸಾಲ ಮಾಡಿ ದೊಡ್ಡ ಕಟ್ಟಡ ಎಬ್ಬಿಸುವುದು ಈ ಜಾತಿಗೆ ಸೇರಿದ್ದು, ಅಪಾಯವೂ ಹೆಚ್ಚು. ಕರ್ನಾಟಕದ ಕಡೆ ಕಾವೇರಿ ವನ್ಯಜೀವಿಧಾಮವಿದೆ. ತಮಿಳುನಾಡು 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮ ಘೋಷಿಸಿದೆ. ಇಲ್ಲಿ ಕಾಂಕ್ರೀಟಿನಿಂದ ಬೆಳೆಯುವ ದಾರಿ ಕಿರಿದು, ಕಿರಿದಾಗಿರುವುದೇ ಒಳ್ಳೆಯದು. ಕಾಡೂ ಹೊಳೆಯೂ ಕೆಟ್ಟರೆ ನೋಡಲು ಬರುವವರು ಯಾರು?

ಯಾವ ದಾರಿ ನಿಮ್ಮದು ಎಂದು ತಿಳಿಯುವುದು ಹೇಗೆ? ಕಚೇರಿಯಲ್ಲಿ ಬಂದ ಪ್ರತಿ ಕಾಗದವೂ ಆವಕ ವಹಿಯಲ್ಲಿ ಏರಲೇಬೇಕು, ಇತ್ಯರ್ಥವಾಗಲಿ ಬಿಡಲಿ. ಅಂಗಡಿಯಲ್ಲಿ ಮಾತ್ರ ಮಾರಿದ್ದಷ್ಟನ್ನೇ ಬರೆಯುತ್ತೇವೆ. 'ಇಲ್ಲ' ಎಂದು ಹೇಳಿ ಕಳಿಸಿದ್ದು ಎಲ್ಲೂ ದಾಖಲಾಗುವುದಿಲ್ಲ. ಹೊಸ ಅವಕಾಶ ಅಡಗಿರುವುದು ಅಲ್ಲೇ.

ಆದ್ದರಿಂದ ವ್ಯಾಪಾರದಲ್ಲಿರುವ ಸದಸ್ಯರಲ್ಲಿ ಒಂದು ವಿನಂತಿ. ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಹಾಕಿ: ಗಿರಾಕಿ ಯಾವ ಊರಿನವರು, ಏನು ಕೇಳಿದರು, ಏನು ಇಲ್ಲವೆಂದಿರಿ. ಮುಂದಿನ ಮಾಸಿಕ ಸಭೆಗೆ ಆ ಪುಸ್ತಕಗಳನ್ನು ತನ್ನಿ. ಹತ್ತು ಅಂಗಡಿಯ ಲೆಕ್ಕ ಒಟ್ಟಿಗೆ ಇಟ್ಟು ನೋಡಿದರೆ, ಮಸಾಲೆ ಪುಡಿಗೆ ಎಷ್ಟು ಕೈ ಹಾಕಬಹುದು, ಯಾವ ಊರಿನಲ್ಲಿ ಪ್ರಚಾರ ಮಾಡಬೇಕು ಎಂಬುದು ತಾನಾಗಿ ಕಾಣುತ್ತದೆ. ಅಲ್ಲಿಯವರೆಗೆ ಜಾಹೀರಾತಿಗೆ ದುಡ್ಡು ಸುರಿಯುವುದು ಬೇಡ.

ಇಂತಿ,
ಕಾರ್ಯದರ್ಶಿ