ಎಂಆರ್‌ಐ ಕೋಣೆಗೆ ಹೋಗುವ ಮೊದಲು ಕಿಡ್ನಿಯ ಮಾತು



ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ ಸ್ಕ್ಯಾನಿಂಗ್‌ಗೆ ಹೋಗುವುದು ಹೊಸದೇನಲ್ಲ. ಡಯಾಲಿಸಿಸ್ ಫೈಲು ಒಂದು ರಾಜ್ಯದಲ್ಲಿ, ಎಂಆರ್‌ಐ ಇನ್ನೊಂದರಲ್ಲಿ. ಈ ನಡುವೆ ತಪ್ಪಿಹೋಗಬಾರದ ಒಂದು ಮಾಹಿತಿಯಿದೆ.

1997ರಲ್ಲಿ ಅಮೆರಿಕದ ಕೆಲವು ಕಿಡ್ನಿ ರೋಗಿಗಳ ಕೈಕಾಲಿನ ಚರ್ಮ ದಪ್ಪಗಾಗಿ ಗಟ್ಟಿಯಾಯಿತು, ಕೀಲುಗಳು ಸೆಟೆದುಕೊಂಡವು. 2000ದಲ್ಲಿ 'ಲ್ಯಾನ್ಸೆಟ್' ಪತ್ರಿಕೆ 15 ರೋಗಿಗಳ ವಿವರ ಪ್ರಕಟಿಸಿತು. ಕಾರಣ ಮಾತ್ರ ಯಾರಿಗೂ ತಿಳಿಯಲಿಲ್ಲ. 2006ರಲ್ಲಿ ಆಸ್ಟ್ರಿಯಾದ ಥಾಮಸ್ ಗ್ರೋಬ್ನರ್ ಎಂಆರ್‌ಐಗೆ ಕೊಡುವ ಗ್ಯಾಡೋಲಿನಿಯಂ ಇಂಜೆಕ್ಷನ್ನಿನತ್ತ ಬೆರಳು ತೋರಿಸಿದರು. ಡೆನ್ಮಾರ್ಕ್‌ನ ವೈದ್ಯರೂ ಅದೇ ವರ್ಷ ಅದನ್ನೇ ಕಂಡರು. ಕಾಯಿಲೆಯ ಹೆಸರು ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್. ಖಚಿತ ಮದ್ದಿಲ್ಲ.

ವಿಪರ್ಯಾಸವೆಂದರೆ, ಸಿಟಿ ಸ್ಕ್ಯಾನಿನ ಅಯೋಡಿನ್ ಔಷಧ ಕಿಡ್ನಿಗೆ ಹಾನಿ ಮಾಡಬಹುದೆಂದು ಹೆದರಿ, ಇದೇ ಸುರಕ್ಷಿತವೆಂದು ವೈದ್ಯರು ಕಿಡ್ನಿ ರೋಗಿಗಳಿಗೆ ಗ್ಯಾಡೋಲಿನಿಯಂ ಕೊಡುತ್ತಿದ್ದರು. ಒಂಬತ್ತು ವರ್ಷ ಯಾರೂ ಸ್ಕ್ಯಾನ್ ಕೋಣೆಯತ್ತ ನೋಡದಿರಲು ಈ ನಂಬಿಕೆಯೂ ಕಾರಣವೆಂದು ನಮಗನಿಸುತ್ತದೆ.

ಗ್ಯಾಡೋಲಿನಿಯಂ ಬರಿದಾಗಿ ವಿಷವೇ. ಆದ್ದರಿಂದ ಅದನ್ನು ಇನ್ನೊಂದು ಅಣುವಿನಲ್ಲಿ ಕಟ್ಟಿ ಕೊಡುತ್ತಾರೆ. ಆರೋಗ್ಯವಂತರ ಕಿಡ್ನಿ ಅದರ ಅರ್ಧವನ್ನು ಸುಮಾರು ಎರಡು ಗಂಟೆಯೊಳಗೆ ಹೊರಹಾಕುತ್ತದೆ. ಕಿಡ್ನಿ ಸೋತವರಲ್ಲಿ ಅದು ದಿನಕ್ಕಿಂತ ಹೆಚ್ಚು ಹಿಡಿಯಬಹುದು. ಅಷ್ಟರಲ್ಲಿ ಹಳೆಯ, ಸಡಿಲ ಕಟ್ಟಿನ ಔಷಧಗಳಿಂದ ಲೋಹ ಬಿಡಿಸಿಕೊಳ್ಳುತ್ತದೆ. ಪಂಜರದಂತೆ ಸುತ್ತುವರಿದ 'ಮ್ಯಾಕ್ರೋಸೈಕ್ಲಿಕ್' ಔಷಧಗಳು ಬಿಗಿಯಾಗಿ ಹಿಡಿದಿಡುತ್ತವೆ. 2007ರಲ್ಲಿ ಅಮೆರಿಕದ ಎಫ್‌ಡಿಎ ಕಟ್ಟೆಚ್ಚರ ಮುದ್ರಿಸಲು ಹೇಳಿತು. 2017ರಲ್ಲಿ ಯುರೋಪ್ ಸಡಿಲ ಕಟ್ಟಿನ ಹಲವನ್ನು ನಿಲ್ಲಿಸಿತು. ಇಂದು ಹೊಸ ಪ್ರಕರಣಗಳು ಅತಿ ವಿರಳ.

ಆದ್ದರಿಂದ ಹೆದರಿ ಅಗತ್ಯವಾದ ಎಂಆರ್‌ಐ ಬಿಡಬೇಡಿ. ಬಿಟ್ಟರೆ ರೋಗವೇ ಪತ್ತೆಯಾಗದೆ ಹೋಗಬಹುದು. ಅಪಾಯ ಮುಖ್ಯವಾಗಿ ಜಿಎಫ್‌ಆರ್ 30ಕ್ಕಿಂತ ಕಡಿಮೆಯಿರುವವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ, ಕಿಡ್ನಿ ದಿಢೀರನೆ ಕೈಕೊಟ್ಟವರಿಗೆ. ಸ್ಕ್ಯಾನ್ ಮುಂಚಿನ ಪ್ರಶ್ನಾಪತ್ರದಲ್ಲಿ ಇದನ್ನು ಕೇಳಿರುತ್ತಾರೆ. ಅದು ನಮಗೆ ಬಾರದ ಭಾಷೆಯಲ್ಲಿದ್ದರೆ ಸುಮ್ಮನೆ ಸಹಿ ಹಾಕಿಬಿಡುತ್ತೇವೆ, ಅಪಾಯ ಅಲ್ಲೇ. ಓದಿಸಿ ಕೇಳಿ. ಇತ್ತೀಚಿನ ಕ್ರಿಯಾಟಿನಿನ್ ವರದಿ ಜೊತೆಗಿರಲಿ. ಯಾವ ಬಗೆಯ ಔಷಧ ಕೊಡುತ್ತೀರಿ ಎಂದು ಕೇಳಲು ಸಂಕೋಚ ಬೇಡ. ಯಂತ್ರದ ಡಯಾಲಿಸಿಸ್‌ನಲ್ಲಿರುವವರು ಸ್ಕ್ಯಾನಿನ ಬೆನ್ನಿಗೇ ಮುಂದಿನ ಸರದಿ ಬರುವಂತೆ ದಿನ ಹೊಂದಿಸಲು ಎರಡೂ ಆಸ್ಪತ್ರೆಗಳ ವೈದ್ಯರಿಗೆ ಮೊದಲೇ ತಿಳಿಸಿ.