ಪೆಕ್ಸ್ ಅಂದ್ರ ಏನಜ್ಜಾ?

ಮಕ್ಕಳೇ, ರಾಣೆಬೆನ್ನೂರಿನಲ್ಲಿರುವ ನನ್ನ ಮಗಳ ಮಗ ಈಗ ಒಂಬತ್ತನೆಯ ತರಗತಿ. ಹೋದ ಭಾನುವಾರ ಹಾವೇರಿಗೆ ಬಂದವನು ಕನ್ನಡಿಯ ಮುಂದೆ ಅಂಗಿ ಬಿಚ್ಚಿ ನಿಂತಿದ್ದ. ಮುಖ ಸಪ್ಪಗಿತ್ತು.

“ಯಾಕೋ ತಮ್ಮಾ?” ಎಂದೆ.

“ಅಜ್ಜಾ, ನನಗ ಪೆಕ್ಸ್ ಇಲ್ಲಂತ. ಎಲ್ಲಾರೂ ನಗತಾರ. ನಾಳಿಂದ ನಾ ಸಾಲಿಗೆ ಹೋಗಾಂಗಿಲ್ಲ.”

ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದೇ ಮುದುಕನಾದ ನನಗೆ ಈ ಶಬ್ದ ಹೊಸದು. ಇಬ್ಬರೂ ಕೂತು ಇಂಗ್ಲಿಷ್ ನಿಘಂಟು ತೆಗೆದೆವು. ‘ಪೆಕ್ಟೊರಲ್’ ಎಂಬ ಉದ್ದ ಶಬ್ದದ ಮೊಟಕು ರೂಪ ‘ಪೆಕ್’. ಲ್ಯಾಟಿನ್ ಭಾಷೆಯಲ್ಲಿ ‘ಪೆಕ್ಟಸ್’ ಎಂದರೆ ಎದೆ. ಎಡ-ಬಲ ಎರಡೂ ಸೇರಿದರೆ ಪೆಕ್ಸ್. ಇದು ಜಿಮ್ಮಿನಲ್ಲಿ, ಗೆಳೆಯರ ನಡುವೆ ಆಡುವ ಮಾತು. ಪರೀಕ್ಷೆಯಲ್ಲಿ ‘ಎದೆಯ ಸ್ನಾಯು’ ಎಂದೇ ಬರೆಯಿರಿ.

“ಹಂಗಾದ್ರ ನಿನಗ ಇಲ್ಲ ಅನ್ನೋದು ಸುಳ್ಳು” ಎಂದೆ. ಬೀಸಣಿಗೆಯಂತೆ ಹರಡಿದ ಈ ಸ್ನಾಯು ಕೊರಳ ಬುಡದ ಎಲುಬು, ಎದೆಯ ನಡುವಿನ ಎಲುಬುಗಳಿಂದ ಹೊರಟು ತೋಳಿನ ಎಲುಬಿಗೆ ಅಂಟಿಕೊಂಡಿರುತ್ತದೆ. ಅದರ ಅಡಿಯಲ್ಲಿ ಇನ್ನೊಂದು ಸಣ್ಣದಿದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲರು ಗಾಡಿ ತಳ್ಳುವಾಗ, ಗರಡಿಮನೆಯಲ್ಲಿ ಪೈಲ್ವಾನರು ದಂಡ ಹೊಡೆಯುವಾಗ, ಅವ್ವ ಕೂಸನ್ನು ಅಪ್ಪಿಕೊಳ್ಳುವಾಗ ದುಡಿಯುವುದು ಇದೇ. ದುಡಿದಂತೆಲ್ಲ ಬಲಿಯುತ್ತದೆ. ಬೆಳೆಯುವ ವಯಸ್ಸಿನಲ್ಲಿ ಅವಸರ ಬೇಡ.

ನಮ್ಮ ಕನ್ನಡದ ಲೆಕ್ಕವೇ ಬೇರೆ. ಧೈರ್ಯವಂತನಿಗೆ ‘ಎದೆಗಾರ’ ಎನ್ನುತ್ತೇವೆ. ಅವನ ಗುಣ ‘ಎದೆಗಾರಿಕೆ’. ಹೆದರಿ ಹಿಂದೆ ಸರಿದವನು ‘ಎದೆಗುಂದಿದ’. ಇಲ್ಲೆಲ್ಲೂ ಟೇಪು ಹಿಡಿದು ಎದೆ ಅಳೆಯುವುದಿಲ್ಲ.

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದಾಗ ಅವರಿಗೆ ಇಪ್ಪತ್ತೂ ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅವರ ಎದೆ ಎಷ್ಟು ಇಂಚು ಇತ್ತೆಂದು ನಮ್ಮ ಜಿಲ್ಲೆಯಲ್ಲಿ ಯಾರೂ ಕೇಳುವುದಿಲ್ಲ. ಎದೆಗಾರಿಕೆಯನ್ನು ಮಾತ್ರ ಮರೆತಿಲ್ಲ.

ಹುಡುಗ ಸುಮ್ಮನೆ ಕೇಳಿದ. ಆಮೇಲೆ, “ನಗೋರಿಗೆ ಏನ್ ಹೇಳ್ಲಿ?” ಎಂದ.

“ಪೆಕ್ಸ್ ಅಂದ್ರ ಏನು, ಬಿಡಿಸಿ ಹೇಳ್ರಿ ಅನ್ನು.”

ಸೋಮವಾರ ಸಂಜೆ ಫೋನು ಬಂತು. “ಅಜ್ಜಾ, ಒಬ್ಬರಿಗೂ ಗೊತ್ತಿರಲಿಲ್ಲ! ನಾನೇ ಹೇಳಿಕೊಟ್ಟೆ.”

ಸಾಲಿಗೆ ಹೋಗಿದ್ದನಲ್ಲ, ನನಗೆ ಅಷ್ಟೇ ಸಾಕಾಗಿತ್ತು.