ಮೊದಲ ದರ್ಶನ

"ಇವತ್ತು ನಾನೊಂದು ಹೊಸ ಹಕ್ಕಿಯನ್ನು ಕಂಡೆ" ಎಂದು ಭಾನುವಾರ ಮಧ್ಯಾಹ್ನ ಮನೆಗೆ ಬಂದು ಸಾರಿದರೆ, ಒಳಗಿನಿಂದ ಬರುವ ಮೊದಲ ಪ್ರಶ್ನೆ "ಬರುವಾಗ ತರಕಾರಿ ತಂದಿರಾ?" ಎಂಬುದು. ಪ್ರಶ್ನೆಯಲ್ಲಿ ನ್ಯಾಯವಿಲ್ಲವೆಂದು ಹೇಳುವಂತಿಲ್ಲ. ಹೊಸ ಮನೆ ಕಟ್ಟಿಸಿದವನು ನೆಂಟರನ್ನು ಕರೆದು ತೋರಿಸಬಹುದು; ಹೊಸ ಸೀರೆಯನ್ನು ಪಕ್ಕದ ಮನೆಯವರು ಸೆರಗು ಹಿಡಿದು ನೋಡಿ ಬೆಲೆ ಕೇಳಬಹುದು. ಹೊಸ ಹಕ್ಕಿಯನ್ನು ಕಂಡುಬಂದವನ ಕೈಯಲ್ಲಿ ತೋರಿಸುವುದಕ್ಕೆ ಏನಿದೆ? ಅಂಗಿಗೆ ಅಂಟಿದ ಉತ್ರಾಣಿ ಮುಳ್ಳು, ಬಿಸಿಲಿಗೆ ಕೆಂಪಾದ ಮೂಗು, ಅಷ್ಟೇ. ಆದರೂ ಆ ದಿನವೆಲ್ಲ ಅವನು ನೆಲದಿಂದ ನಾಲ್ಕು ಅಂಗುಲ ಮೇಲೆಯೇ ಓಡಾಡುತ್ತಿರುತ್ತಾನೆ. ಈ ಸಂತೋಷ ಎಲ್ಲಿಂದ ಬರುತ್ತದೆ ಎಂಬುದನ್ನು ಇಂದು ಕೊಂಚ ವಿಚಾರಿಸೋಣವೆಂದಿದ್ದೇನೆ.

ನನ್ನ ಕಸುಬು ಕನ್ನಡ ಪಾಠ ಹೇಳುವುದು. ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಹಕ್ಕಿಗಳಿಗೇನೂ ಕೊರತೆಯಿಲ್ಲ. ಅಷ್ಟಾದಶ ವರ್ಣನೆ ಆರಂಭವಾಯಿತೆಂದರೆ ಗಿಳಿ, ಕೋಗಿಲೆ, ಹಂಸ, ಚಕೋರ, ಚಾತಕ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ಬಂದು ಕೂರುತ್ತವೆ. ಚಾತಕದ ಕಥೆ ಪ್ರಸಿದ್ಧವೇ: ನೆಲದ ನೀರನ್ನು ಮುಟ್ಟದೆ, ಕೊರಳೆತ್ತಿ ಮುಗಿಲಿನ ಹನಿಗಾಗಿಯೇ ಕಾಯುವ ಹಕ್ಕಿ. ಕಾಳಿದಾಸನ ಮೇಘದೂತದಲ್ಲಿಯೂ ಅದು ಇದೆ. ವರ್ಷವರ್ಷವೂ ಕರಿಹಲಗೆಯ ಮುಂದೆ ನಿಂತು ನಾನು ಅದರ ವ್ರತವನ್ನು ವಿವರಿಸಿದ್ದೇನೆ. ಅಂಥ ಹಕ್ಕಿ ಒಂದು ಜೂನ್ ತಿಂಗಳ ಬೆಳಗ್ಗೆ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಕೆರೆಯ ಏರಿಯ ಮೇಲಿನ ಜಾಲಿಗಿಡದಲ್ಲಿ, ಕೈಗೆಟುಕುವಷ್ಟು ಹತ್ತಿರದಲ್ಲಿ, ಬಂದು ಕುಳಿತಿತು! ಬೆನ್ನು ಕಪ್ಪು, ಹೊಟ್ಟೆ ಬಿಳುಪು, ತಲೆಯ ಮೇಲೊಂದು ಚೂಪಾದ ಜುಟ್ಟು, ಹಾರಿದಾಗ ರೆಕ್ಕೆಯಲ್ಲಿ ಮಿಂಚುವ ಬಿಳಿಯ ಮಚ್ಚೆ. ಇಪ್ಪತ್ತು ವರ್ಷ ಬರಿಯ ಶಬ್ದವಾಗಿದ್ದುದು ಒಂದು ಗಳಿಗೆಯಲ್ಲಿ ರೆಕ್ಕೆಪುಕ್ಕ ತಳೆದು ಕಣ್ಣೆದುರು ಕೂತರೆ ಮನುಷ್ಯನಿಗೆ ಏನಾಗಬೇಕು? ಆ ಕ್ಷಣದಲ್ಲಿ ನನಗೆ ನಿಘಂಟಿನ ಪುಟವೊಂದು ಹಾರಿಹೋದಂತೆ ಭಾಸವಾಯಿತು.

ಇವು ಕೆಲವು ಮುಂಗಾರಿನ ಗಾಳಿಯೊಡನೆ ಆಫ್ರಿಕದ ಕಡೆಯಿಂದ ಸಾಗರ ದಾಟಿ ಭಾರತಕ್ಕೆ ಬರುತ್ತವೆ. ದಕ್ಷಿಣದಲ್ಲಿಯೇ ನೆಲೆಸಿರುವವೂ ಉಂಟು. ಮಳೆಗೂ ಅದಕ್ಕೂ ಕವಿಗಳು ಹಾಕಿದ ಗಂಟು ಸುಳ್ಳಲ್ಲ. ವ್ರತದ ಮಾತು ಮಾತ್ರ ಬೇರೆ. ನಿಜವಾದ ಚಾತಕ ಕಂಬಳಿಹುಳುಗಳನ್ನು ಸಂತೋಷದಿಂದ ತಿನ್ನುತ್ತದೆ. ಗೂಡು ಕಟ್ಟುವ ತಾಪತ್ರಯವನ್ನು ತೆಗೆದುಕೊಳ್ಳದೆ ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಇಷ್ಟು ತಿಳಿದ ಮೇಲೆ ನನಗೆ ಅದರ ಮೇಲಿನ ಪ್ರೀತಿ ಹೆಚ್ಚೇ ಆಯಿತು.

ಇದು ಹೆಸರು ಮೊದಲು ಬಂದು ಹಕ್ಕಿ ಆಮೇಲೆ ಬಂದುದರ ಮಾತು. ಇನ್ನೊಂದು ಬಗೆಯ ಮೊದಲ ದರ್ಶನವುಂಟು. ಅಲ್ಲಿ ಹಕ್ಕಿಗೆ ಕಾವ್ಯದ ಕೀರ್ತಿಯಿಲ್ಲ, ಜಾನಪದದಲ್ಲಿ ಪ್ರಸಿದ್ಧಿಯಿಲ್ಲ. ಆದರೆ ಪ್ರಪಂಚದಲ್ಲಿ ಅದು ಇರುವುದು ನಮ್ಮ ದಕ್ಷಿಣದ ಕಲ್ಲುಗುಡ್ಡಗಳಲ್ಲಿ ಮಾತ್ರ. ಹಳದಿ ಕೊರಳಿನ ಪಿಕಳಾರ ಅಂಥದು. ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಥಾಮಸ್ ಜೆರ್ಡನ್ 1845ರಲ್ಲಿ ಅದನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದನು. ಅವನಿಟ್ಟ ಲ್ಯಾಟಿನ್ ಹೆಸರಿನ ಅರ್ಥವೂ ಹಳದಿ ಗಂಟಲಿನದು ಎಂದೇ. ಇಂದು ಅದು ಜಗತ್ತಿನ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ. ನಂದಿಬೆಟ್ಟದಲ್ಲಿ ಅದು ಇರುವುದು ಪಕ್ಷಿವೀಕ್ಷಕರಿಗೆಲ್ಲ ಗೊತ್ತು. ತುಮಕೂರಿನ ಹತ್ತಿರದ ದೇವರಾಯನದುರ್ಗದಲ್ಲಿಯೂ ಉಂಟು. ಹಾಗಿರುವಾಗ ಮಧುಗಿರಿ, ಕೊರಟಗೆರೆಗಳ ಬಂಡೆಬೆಟ್ಟಗಳು ಅದಕ್ಕೆ ಏಕೆ ಒಗ್ಗಬಾರದು? ಪ್ರಾಣಿಶಾಸ್ತ್ರದ ಅಧ್ಯಾಪಕರಾದ ನನ್ನ ಮಿತ್ರರು ಎರಡು ವರ್ಷಗಳಿಂದ ಈ ಪ್ರಶ್ನೆಯನ್ನು ಹಿಡಿದು ಕೂತಿದ್ದರು. ನನ್ನನ್ನೂ ಎಳೆದರು.

ಓದುಗರಲ್ಲಿ ನಮ್ಮ ಸೀಮೆಯನ್ನು ರೈಲಿನ ಕಿಟಕಿಯಿಂದ ಮಾತ್ರ ಕಂಡವರಿಗೆ ಇಲ್ಲಿನ ಬೆಟ್ಟಗಳು ಬೋಳಾಗಿ ಕಂಡಿರಬಹುದು. ಮಧುಗಿರಿಯಲ್ಲಂತೂ ಊರ ಮೇಲೆ ಏಕಶಿಲೆಯ ಬೆಟ್ಟ ಆನೆಯ ಬೆನ್ನಿನಂತೆ ಎದ್ದು ನಿಂತಿದೆ. ಆದರೆ ಬಂಡೆಬಂಡೆಗಳ ನಡುವೆ ಮಣ್ಣು ತಂಗಿದ ಕಡೆ, ನೀರು ಜಿನುಗುವ ಕಡೆ, ಕುರುಚಲು ಗಿಡವಿದೆ, ಗೋಣಿಯ ಮರವಿದೆ, ಕವಳೆಯ ಪೊದೆಯಿದೆ. ಈ ಪಿಕಳಾರಕ್ಕೆ ಬೇಕಾದುದು ಇದೇ. ದಟ್ಟವಾದ ಕಾಡು ಅದಕ್ಕೆ ಬೇಡ, ಬಯಲು ಬೇಡ. ಬಂಡೆಯ ಮಗ್ಗುಲಿನ ಪೊದೆ, ಪೊದೆಯಲ್ಲಿ ಹಣ್ಣು, ಹುಳು.

ಕಳೆದ ಜನವರಿಯ ಒಂದು ಭಾನುವಾರ ನಾವು ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದ ತಪ್ಪಲನ್ನು ಸೇರಿದಾಗ ಇನ್ನೂ ಮಂಜು ಹರಿದಿರಲಿಲ್ಲ. ಮೇಲೆ ಹಾಳು ಕೋಟೆಯ ಗೋಡೆ ಅಲ್ಲೊಂದು ಇಲ್ಲೊಂದು ತುಂಡಾಗಿ ತೇಲುತ್ತಿತ್ತು. ಏಳು ಗಂಟೆಯ ಹೊತ್ತಿಗೆ ಪೊದೆಯೊಳಗಿನಿಂದ ಗುಳುಗುಳು ದನಿಯೊಂದು ಕೇಳಿಸಿತು. ಮಿತ್ರರು ಕೈಯೆತ್ತಿ ನಿಂತರು. ಬಿಳಿಹುಬ್ಬಿನ ಪಿಕಳಾರವೆಂಬ ಇನ್ನೊಂದು ಹಕ್ಕಿಯದೂ ಹೆಚ್ಚು ಕಡಿಮೆ ಇಂಥದೇ ದನಿ. ಅದು ಇಲ್ಲೆಲ್ಲ ಧಾರಾಳವಾಗಿದೆ. ಕಿವಿಯನ್ನು ನಂಬಿ ಹೆಸರು ಬರೆದುಕೊಳ್ಳುವಂತಿಲ್ಲ. ಕಾಣಬೇಕು, ಕೊರಳನ್ನೇ ಕಾಣಬೇಕು.

ಒಂದೂವರೆ ಗಂಟೆ ಕಾದೆವು. ದನಿ ಎಡಕ್ಕೆ ಹೋಯಿತು, ಬಲಕ್ಕೆ ಬಂದಿತು, ಬಂಡೆಯ ಹಿಂದೆ ಅಡಗಿತು. ಎಲೆಯೊಂದು ಅಲುಗಿದರೆ ಇಬ್ಬರ ಉಸಿರೂ ನಿಲ್ಲುತ್ತಿತ್ತು. ಕಾಯುವಾಗ ಮನಸ್ಸಿನ ಸ್ಥಿತಿ ವಿಚಿತ್ರವಾದುದು. ಪುಸ್ತಕದಲ್ಲಿ ಕಂಡ ಚಿತ್ರವನ್ನು ಪೊದೆಯ ಪ್ರತಿಯೊಂದು ನೆರಳಿಗೂ ತೊಡಿಸಿ ನೋಡುತ್ತಿರುತ್ತದೆ. ಬಿಸಿಲು ಬಂಡೆಯ ನೆತ್ತಿಗೆ ಇಳಿದು ಮಂಜು ಕರಗುತ್ತಿದ್ದ ಹಾಗೆ, ಯಾವ ಆಡಂಬರವೂ ಇಲ್ಲದೆ, ಒಂದು ಹಕ್ಕಿ ಪೊದೆಯಿಂದ ಜಿಗಿದು ಬಂಡೆಯ ಅಂಚಿನ ಒಣಕೊಂಬೆಯ ಮೇಲೆ ಕುಳಿತಿತು. ಜುಟ್ಟಿಲ್ಲ. ಎದೆ ಬೂದಿ. ಬೆನ್ನು ಪಾಚಿಯ ಬಣ್ಣ. ಆಮೇಲೆ ಅದು ನಮ್ಮ ಕಡೆಗೆ ತಿರುಗಿತು. ಕೊರಳು, ಗದ್ದದಿಂದ ಕೆಳಕ್ಕೆ, ಈಗ ತಾನೇ ಯಾರೋ ಅರಿಸಿನ ಅದ್ದಿದ ಬೆರಳಿನಿಂದ ಸವರಿದಂತೆ ಹಳದಿ! ಬಾಲವನ್ನು ಅರಳಿಸಿದಾಗ ಗರಿಗಳ ತುದಿಯಲ್ಲಿ ತಿಳಿಬಣ್ಣದ ಅಂಚು ಕಂಡಿತು. ಬಾಲದ ಬುಡದಡಿಯಲ್ಲಿ ಮತ್ತೆ ಅದೇ ಹಳದಿ. ಪುಸ್ತಕ ಹೇಳಿದ ಒಂದೊಂದು ಗುರುತೂ ಮದುವೆಮನೆಗೆ ಬರುವ ನೆಂಟರಂತೆ ಸಾಲಾಗಿ ಬಂದವು. ಹತ್ತು ಸೆಕೆಂಡು ಇದ್ದಿರಬಹುದು. ದುರ್ಬೀನು ಹಿಡಿದಿದ್ದ ನನ್ನ ಕೈ ನಡುಗುತ್ತಿದ್ದುದರಿಂದ ಹಕ್ಕಿಯೇ ಕುಣಿಯುತ್ತಿರುವಂತೆ ತೋರಿತು.

ಹೋದ ಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡಿದೆವು.

ಕೆಳಗೆ ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ಅಷ್ಟು ಹೊತ್ತಿನಿಂದ ನಮ್ಮನ್ನೇ ನೋಡುತ್ತಿದ್ದಿರಬೇಕು. ಕೋಲೂರಿಕೊಂಡು ಬಂದರು.

"ಏನ್ ಸ್ವಾಮಿ, ಬೆಳಗಿಂದ ಬಂಡೆ ನೋಡ್ಕಂಡು ಕುಂತಿದೀರಿ?"

"ಹಕ್ಕಿ ನೋಡ್ತಾ ಇದೀವಿ ತಾತ. ಕೊರಳು ಹಳದಿ ಇರೋದು."

"ಅದಾ? ಅಗೋ, ಆ ಗೋಣಿಮರಕ್ಕೆ ಹಣ್ಣಾದಾಗ ಬತ್ತವಲ್ಲ, ನಾಕೈದು. ನಾನ್ ಹುಡುಗ ಇದ್ದಾಗಿಂದ್ಲೂ ಅವೆ."

ಮಿತ್ರರು ನಗುತ್ತ ಟಿಪ್ಪಣಿ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡರು. ನನ್ನ ಹತ್ತು ಸೆಕೆಂಡಿನ ಸಡಗರ ಆ ಮುದುಕರಿಗೆ ಅರುವತ್ತು ವರ್ಷದ ನೆರೆಹೊರೆ. ಹಾಗಾದರೆ ಮೊದಲು ಕಂಡವರು ಯಾರು? ಜೆರ್ಡನ್ ಸಾಹೇಬನಿಗೂ ಅಂಥ ಒಬ್ಬ ತಾತ ಕೈ ಚಾಚಿ ಮರ ತೋರಿಸಿದ್ದಾನು. ಆದರೂ ನಮ್ಮ ಸಂತೋಷ ಇದರಿಂದ ಒಂದು ಗುಲಗಂಜಿಯಷ್ಟೂ ಕುಗ್ಗಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ತಾತನ ನೆನಪು ತಾತನೊಡನೆ ಇರುತ್ತದೆ. ಪುಸ್ತಕದಲ್ಲಿ ಬರೆದ ತಿಂಗಳು, ಸ್ಥಳ, ಸಂಖ್ಯೆ ಇನ್ನೊಬ್ಬರ ಕೈಗೆ ಸೇರುತ್ತದೆ. ಎರಡೂ ಕೂಡಿದರೆ ಹಕ್ಕಿಗೆ ಲಾಭ.

ಕೂಡಿದ ಉದಾಹರಣೆ ನಮ್ಮ ಹತ್ತಿರದಲ್ಲಿಯೇ ಇದೆ. ಶಿರಾ ತಾಲ್ಲೂಕಿನ ಕಗ್ಗಲಡು ಎಂಬ ಹಳ್ಳಿಯ ಹುಣಿಸೆಮರಗಳಿಗೆ 1993ರಲ್ಲಿ ಬೂದು ಬಕಗಳು ಬಂದು ಗೂಡು ಕಟ್ಟಿದವು. ಬಣ್ಣದ ಕೊಕ್ಕರೆಗಳೂ ಬಂದು ಸೇರಿದವು. ಹುಣಿಸೆ ನಮ್ಮ ಕಡೆ ರೋಕಡ ಹಣ ತರುವ ಫಸಲು. ಕೊಕ್ಕರೆಯ ಸಂಸಾರವೋ ಗಲಾಟೆಯ ಸಂಸಾರ, ಮರದ ಕೆಳಗೆ ನಿಂತವನ ಮೂಗಿಗೂ ತೊಂದರೆ. ಆದರೂ ಊರಿನವರು ಅವನ್ನು ಓಡಿಸಲಿಲ್ಲ. ಹೊರಗಿನವರು ಕೆಣಕುವುದಕ್ಕೂ ಬಿಡಲಿಲ್ಲ. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನವರು 1999ರಲ್ಲಿ ಕಂಡು ಬರೆದ ಮೇಲೆಯೇ ಹೊರಜಗತ್ತಿಗೆ ಕಗ್ಗಲಡು ಗೊತ್ತಾದುದು. ಇಂದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜೊತೆಗೆ ಅದರ ಹೆಸರನ್ನು ಹೇಳುತ್ತಾರೆ. ಆರು ವರ್ಷ ಕಾಪಾಡಿದವರು ಒಬ್ಬರು, ಬರೆದವರು ಒಬ್ಬರು. ಇಬ್ಬರಲ್ಲಿ ಯಾರು ಮೇಲು ಎಂದು ಚರ್ಚಾಸ್ಪರ್ಧೆ ಇಡುವ ಅಗತ್ಯ ನನಗೆ ಕಾಣುವುದಿಲ್ಲ.

ಬರೆಯುವವರು ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಾಗಿಲ್ಲ. ನಮ್ಮ ಹೊಳೆಯನ್ನೇ ಹಿಡಿದು ಹೋದರೆ ಸಾಕು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಆಂಧ್ರದಲ್ಲಿ ಪೆನ್ನಾರನ್ನು ಸೇರುತ್ತದೆ. ಅದೇ ಜೆರ್ಡನ್ ಈ ಪೆನ್ನಾರಿನ ಸೀಮೆಯಲ್ಲಿ ರಾತ್ರಿ ಸಂಚರಿಸುವ, ಉದ್ದ ಕಾಲಿನ, ಎದೆಗೆ ಎರಡು ಪಟ್ಟಿಯುಳ್ಳ ಓಟದ ಹಕ್ಕಿಯೊಂದನ್ನು ಕಂಡನು. 1848ರಲ್ಲಿ ಅದು ಶಾಸ್ತ್ರಗ್ರಂಥವನ್ನು ಸೇರಿತು. ತೆಲುಗಿನಲ್ಲಿ ಅದಕ್ಕೆ ಕಲಿವಿ ಕೋಡಿ ಎಂದು ಹೆಸರು. ಕೋಡಿ ಎಂದರೆ ಕೋಳಿ. 1900ರಲ್ಲಿ ಅನಂತಪುರದ ಬಳಿ ಒಬ್ಬನು ಅದನ್ನು ಕಂಡನು. ಅನಂತಪುರವೆಂದರೆ ನಮ್ಮ ಪಾವಗಡದ ನೆರೆ. ಆಮೇಲೆ ಯಾರೂ ಕಾಣಲಿಲ್ಲ, ಅಥವಾ ಕಂಡವರು ಬರೆಯಲಿಲ್ಲ. ಹಕ್ಕಿ ನಿರ್ನಾಮವಾಯಿತೆಂದೇ ವಿದ್ವಾಂಸರು ಭಾವಿಸಿದರು. 86 ವರ್ಷ ಕಳೆದು, 1986ರ ಜನವರಿಯಲ್ಲಿ, ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಎಂಬ ತರುಣ ವಿಜ್ಞಾನಿ ಕಡಪಾ ಜಿಲ್ಲೆಯ ರೆಡ್ಡಿಪಲ್ಲಿಯ ಬಳಿ ಸ್ಥಳೀಯ ಬೇಟೆಗಾರರ ನೆರವಿನಿಂದ ಅದನ್ನು ಪುನಃ ಪತ್ತೆಮಾಡಿದರು. ಆ ಸುದ್ದಿಯ ಬಲದಿಂದಲೇ ಶ್ರೀಲಂಕಮಲ್ಲೇಶ್ವರ ಅಭಯಾರಣ್ಯ ಹುಟ್ಟಿತು. ಆ ರಾತ್ರಿ ಭರತ್ ಭೂಷಣರಿಗೆ ಆದ ಸಂತೋಷ ಎಷ್ಟಿದ್ದೀತೆಂದು ನಾನು ಊಹಿಸಲಾರೆ. ನನ್ನ ಪಿಕಳಾರದ ಹತ್ತು ಸೆಕೆಂಡನ್ನು ಎಷ್ಟರಿಂದ ಗುಣಿಸಬೇಕೋ!

ನಮ್ಮ ಬೆಟ್ಟಗಳ ವಿಷಯಕ್ಕೆ ಬಂದರೆ, ಹಳದಿ ಕೊರಳಿನದಕ್ಕೆ ಅವು ಬಯಲಿನ ಸಮುದ್ರದಲ್ಲಿನ ದ್ವೀಪಗಳಿದ್ದಂತೆ. ಒಂದು ಬೆಟ್ಟವನ್ನು ಕಲ್ಲುಗಣಿ ತಿಂದರೆ ಅಲ್ಲಿನ ಹಕ್ಕಿ ಹೊಲಗದ್ದೆಗಳಲ್ಲಿ ಬಿಡಾರ ಹೂಡುವುದಿಲ್ಲ. ಮನೆಗೆ ಕಲ್ಲು ಬೇಕು, ರಸ್ತೆಗೆ ಜಲ್ಲಿ ಬೇಕು. ಈ ಲೇಖನವನ್ನು ಬರೆಯುತ್ತಿರುವ ಮೇಜಿನ ಕೆಳಗಿನ ನೆಲವೂ ಬೆಣಚು ಚಪ್ಪಡಿಯದೇ. ಆದರೆ ಯಾವ ಬೆಟ್ಟ ಬೇಡ ಎಂದು ಹೇಳುವುದಕ್ಕೆ ಯಾರಾದರೂ ಅಲ್ಲಿ ಏನಿದೆ ಎಂದು ಮೊದಲು ಬರೆದಿರಬೇಕಷ್ಟೆ. ಕಾಗದದಲ್ಲಿ ಬೀಳು ಎಂದಿರುವ ಕಡೆ ಬಂಡೆಯೊಂದನ್ನು ಬಿಟ್ಟು ಬೇರೇನೂ ಯಾರಿಗೂ ಕಾಣುವುದಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಅಂಥ ಬೀಳೇ ಆಗಿ ಉಳಿದುಬಿಡಬಹುದಿತ್ತು. ಅಲ್ಲಿನ ಕೃಷ್ಣಮೃಗಗಳನ್ನು ಕಂಡು, ಎಣಿಸಿ, ಬರೆದವರಿದ್ದುದರಿಂದ 2007ರಲ್ಲಿ ಸುಮಾರು 800 ಎಕರೆ ಸಂರಕ್ಷಿತ ಪ್ರದೇಶವಾಯಿತು. ಈಗ ಬರೆಯುವುದು ಸುಲಭವೂ ಆಗಿದೆ. ಈ-ಬರ್ಡ್ ಎಂಬ ಏರ್ಪಾಟಿನಲ್ಲಿ ಫೋನಿನಿಂದಲೇ ದಿನ, ಸ್ಥಳ, ಸಂಖ್ಯೆಗಳನ್ನು ದಾಖಲಿಸಬಹುದು. ನಮ್ಮ ಚನ್ನರಾಯನದುರ್ಗದ ಹಕ್ಕಿಯನ್ನು ಮಿತ್ರರು ಬೆಟ್ಟದ ಮೇಲಿಂದಲೇ ಸೇರಿಸಿದರು. ನಾನು ಮಾತ್ರ ಹಳೆಯ ಅಭ್ಯಾಸದಂತೆ ಮನೆಗೆ ಬಂದು, ತರಕಾರಿಯ ಪ್ರಶ್ನೆಗೆ ಉತ್ತರ ಕೊಟ್ಟು, ಶಾಯಿಯಲ್ಲಿ ಬರೆದೆ.

ಮಳೆಗಾಲ ಹಿಡಿಯುವುದಕ್ಕೆ ಮುಂಚೆ ಪಾವಗಡ ತಾಲ್ಲೂಕಿನ ನಿಡಗಲ್ಲು ದುರ್ಗಕ್ಕೆ ಹೋಗಿಬರಬೇಕೆಂದು ನಾವಿಬ್ಬರೂ ಗೊತ್ತುಮಾಡಿಕೊಂಡಿದ್ದೇವೆ. ಅಲ್ಲಿಯೂ ಬಂಡೆಯಿದೆ, ಪೊದೆಯಿದೆ, ಹಾಳು ಕೋಟೆಯಿದೆ. ದುರ್ಬೀನು ಒಂದೇ, ಪಾಳಿಯ ಮೇಲೆ ನೋಡಬೇಕು. ಆ ಕಡೆಯ ಓದುಗರಲ್ಲಿ ಯಾರಾದರೂ ಹಳದಿ ಕೊರಳಿನ ಹಕ್ಕಿಯನ್ನು ಕಂಡಿದ್ದರೆ, ಎಲ್ಲಿ, ಯಾವ ತಿಂಗಳು, ಎಷ್ಟು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಬೇಕಾಗಿ ಕೋರುತ್ತೇನೆ. ಕೊರಳನ್ನೇ ಕಂಡಿರಬೇಕು, ದನಿ ಕೇಳಿದರೆ ಸಾಲದು.